ದುಡಿಮೆ ಕುಟುಂಬದ ಜೊತೆಗೆ ಸಾಗಲಿ

ಗಂಗಾವತಿಯಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಮೊಬೈಲ್ ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸುತ್ತಾರೆ. ಪರದೆಯ ಮೇಲೆ ರಿಯಾದ್‌ನಲ್ಲಿರುವ ತಂದೆಯ ಮುಖ ಮೂಡುತ್ತದೆ. ಮಕ್ಕಳಿಬ್ಬರೂ ಸರದಿಯಂತೆ ಸಲಾಮ್ ಹೇಳುತ್ತಾರೆ, ಶಾಲೆಯ ಸುದ್ದಿ ತಿಳಿಸುತ್ತಾರೆ, ಬಳಿಕ ನಿದ್ದೆಗೆ ಜಾರುತ್ತಾರೆ. ಕೋವಿಡ್‌ನಿಂದಾಗಿ ಬಹಳ ತಡವಾಗಿ, 2021ರಲ್ಲಿ ಆ ತಂದೆ ರಜೆಯ ಮೇಲೆ ಊರಿಗೆ ಬಂದಾಗ ಕಿರಿಯ ಮಗನಿಗೆ ಆರು ವರ್ಷ. ಮೂರನೆಯ ದಿನ ಆ ಮಗು ತಾಯಿಯ ಬಳಿ ಬಂದು ಮೆಲ್ಲನೆ ಕೇಳಿತಂತೆ: "ಅಮ್ಮೀ, ಇವರು ವಾಪಸ್ ಯಾವಾಗ ಹೋಗ್ತಾರೆ?"

ಆ ಮಗುವಿನ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ಅದರ ಪಾಲಿಗೆ ಅಬ್ಬಾ ಎಂದರೆ ಫೋನಿನಲ್ಲಿ ಇರುವವರು. ಮನೆಯೊಳಗೆ ಬಂದವರು ಅತಿಥಿ. ಅತಿಥಿ ಎಂದಾದರೊಂದು ದಿನ ಹಿಂದಿರುಗಲೇಬೇಕಲ್ಲ? ಈ ಪ್ರಶ್ನೆಯನ್ನು ಕೇಳಿದ ಬಳಿಕ ನಾನು ನಮ್ಮ ಜಿಲ್ಲೆಯ ವಲಸೆಯ ಕುರಿತು ಬೇರೆ ರೀತಿಯಲ್ಲಿ ಯೋಚಿಸತೊಡಗಿದೆ.

ಕೊಪ್ಪಳ ಜಿಲ್ಲೆಗೆ ಊರು ಬಿಟ್ಟು ಹೋಗುವುದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿಯಲ್ಲಿ ಭತ್ತದ ಗದ್ದೆಗಳೂ ಅಕ್ಕಿ ಗಿರಣಿಗಳೂ ಬೆಳೆದವು. ಆದರೆ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಸಜ್ಜೆ, ಜೋಳದ ಬೆಳೆ ಕೈಕೊಟ್ಟ ವರ್ಷ ಜನರು ಗುಳೆ ಹೋಗುತ್ತಾರೆ. ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕಾಮಗಾರಿಗಳಲ್ಲಿ ನಮ್ಮ ಜಿಲ್ಲೆಯ ಮಾತು ಕೇಳಿಬರುತ್ತದೆ. ಗುಳೆ ಹೋಗುವವರು ಬಹುಮಟ್ಟಿಗೆ ಕುಟುಂಬ ಸಮೇತರಾಗಿ ಹೋಗುತ್ತಾರೆ. ಗಂಡ, ಹೆಂಡತಿ, ಮಕ್ಕಳು ತಗಡಿನ ಶೆಡ್ಡಿನಲ್ಲಾದರೂ ಜೊತೆಗಿರುತ್ತಾರೆ. ಆದರೆ ಆ ಮಕ್ಕಳ ಶಾಲೆ ನಡುವೆಯೇ ನಿಂತುಹೋಗುತ್ತದೆ.

ಇನ್ನೊಂದು ಬಗೆಯ ಹೋಗುವಿಕೆ ಗಲ್ಫ್‌ನದು. ಇಲ್ಲಿ ಗಂಡಸು ಒಬ್ಬನೇ ಹೋಗುತ್ತಾನೆ. ಪ್ರತಿ ತಿಂಗಳೂ ಹಣ ಬರುತ್ತದೆ. ಮನೆಗೆ ಆರ್‌ಸಿಸಿ ಛಾವಣಿ ಬೀಳುತ್ತದೆ, ಮಕ್ಕಳು ಒಳ್ಳೆಯ ಶಾಲೆಗೆ ಹೋಗುತ್ತಾರೆ, ತಂಗಿಯ ಮದುವೆ ನಡೆಯುತ್ತದೆ. ಆದರೆ ಆ ಛಾವಣಿಯ ಕೆಳಗೆ ಅದನ್ನು ಕಟ್ಟಿಸಿದವನು ಮಾತ್ರ ಇರುವುದಿಲ್ಲ. ಗುಳೆ ಕುಟುಂಬವನ್ನು ಉಳಿಸಿ ಮಕ್ಕಳ ಓದನ್ನು ಕೆಡಿಸಿತು. ಗಲ್ಫ್ ಓದನ್ನು ಉಳಿಸಿ ಕುಟುಂಬವನ್ನು ಒಡೆಯಿತು. ಇವೆರಡನ್ನೂ ಉಳಿಸುವ ಮೂರನೆಯ ದಾರಿಯೊಂದು ಇದೆಯೇ?

ಇದೆ ಎಂದು ನಾನು ನಂಬುತ್ತೇನೆ. ಆದರೆ ಅದು ಜಾಹೀರಾತುಗಳು ಹೇಳುವಷ್ಟು ಸುಲಭವಾದ ದಾರಿಯಲ್ಲ.

ಮೇಲೆ ಹೇಳಿದ ನನ್ನ ಬಂಧುವಿನ ಕುಟುಂಬವೂ ಮೊದಲು ರಿಯಾದ್‌ನಲ್ಲಿ ಜೊತೆಯಾಗಿಯೇ ಇತ್ತು. ಅವರು ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. 2014ರಲ್ಲಿ ಪತ್ನಿಯನ್ನು ಕರೆಸಿಕೊಂಡರು. 2017ರ ಜುಲೈಯಲ್ಲಿ ಸೌದಿ ಸರಕಾರವು ವಿದೇಶಿ ನೌಕರರ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕವನ್ನು ವಿಧಿಸಿತು. ಅದು ಪ್ರತಿ ವರ್ಷ ನೂರು ನೂರು ಏರುತ್ತಾ 2020ರ ಜುಲೈಗೆ ತಲಾ 400 ರಿಯಾಲ್ ತಲುಪಿತು. ಪತ್ನಿ ಮತ್ತು ಎರಡು ಮಕ್ಕಳಿರುವವನು ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್ ತೆರಬೇಕು. ನಾಲ್ಕು ಸಾವಿರ ರಿಯಾಲ್ ಸಂಬಳದವನಿಗೆ ಅದು ಹತ್ತರಲ್ಲಿ ಮೂರು ಪಾಲು. ಆ ವರ್ಷಗಳಲ್ಲಿ ಎಷ್ಟೋ ಭಾರತೀಯ ಕುಟುಂಬಗಳು ಪೆಟ್ಟಿಗೆ ಕಟ್ಟಿದವು. 2018ರ ಬೇಸಗೆಯಲ್ಲಿ ನಮ್ಮವರೂ ಪತ್ನಿ, ಮಕ್ಕಳನ್ನು ಗಂಗಾವತಿಗೆ ಕಳುಹಿಸಿದರು. ಅವರು ಕೆಲಸದಲ್ಲಿ ತಪ್ಪು ಮಾಡಿರಲಿಲ್ಲ. ದಂಪತಿಗಳ ನಡುವೆ ಜಗಳವಿರಲಿಲ್ಲ. ಒಂದು ದೇಶದ ಒಂದು ನಿಯಮ ಬದಲಾಯಿತು, ಕುಟುಂಬ ಎರಡಾಯಿತು.

ಇದಕ್ಕೆ ಆ ದೇಶವನ್ನು ದೂರುವುದರಲ್ಲಿ ಅರ್ಥವಿಲ್ಲ. ಪ್ರತಿಯೊಂದು ದೇಶಕ್ಕೂ ತನ್ನ ನಿಯಮವನ್ನು ರೂಪಿಸುವ ಹಕ್ಕಿದೆ. ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದುದು ಬೇರೆ: ಒಂದು ಕುಟುಂಬದ ಅನ್ನ, ವಸತಿ, ಮಕ್ಕಳ ಓದು, ದಂಪತಿಗಳ ಸಹವಾಸ ಇವೆಲ್ಲವನ್ನೂ ಒಬ್ಬನೇ ವ್ಯಕ್ತಿಯ ಒಂದೇ ವೀಸಾದ ಗೂಟಕ್ಕೆ ಏಕೆ ಕಟ್ಟಿದೆವು?

ಈ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಆ ತಾಯಿ ಬಿ.ಎಡ್. ಓದಿದವರು. ರಿಯಾದ್‌ನಲ್ಲಿ ನಾಲ್ಕು ವರ್ಷ ಅವಲಂಬಿತ ವೀಸಾದ ಮೇಲೆ ಮನೆಯೊಳಗಿದ್ದರು. ಓದು ಪೆಟ್ಟಿಗೆಯ ತಳದಲ್ಲಿತ್ತು. ಕೋವಿಡ್ ಕಾಲದಲ್ಲಿ ಶಾಲೆಗಳೆಲ್ಲ ಪರದೆಗೆ ಬಂದಾಗ ಗಂಗಾವತಿಯ ಮನೆಯಿಂದಲೇ ಪರಿಚಯದ ಒಂದು ಮಗುವಿಗೆ ಗಣಿತ ಹೇಳಿಕೊಟ್ಟರು. ಈಗ ದಮಾಮ್ ಮತ್ತು ದೋಹಾದಲ್ಲಿರುವ ಹನ್ನೊಂದು ಮಕ್ಕಳಿಗೆ ಪಾಠ ಮಾಡುತ್ತಾರೆ. ಗಲ್ಫ್‌ನಲ್ಲಿದ್ದಾಗ ಅವರಿಗೆ ದುಡಿಮೆ ಇರಲಿಲ್ಲ. ಗಂಗಾವತಿಗೆ ಬಂದ ಮೇಲೆ ಅವರ ದುಡಿಮೆ ಗಲ್ಫ್ ತಲುಪಿತು. ಸ್ಥಳಕ್ಕೆ ಅಂಟಿಕೊಳ್ಳದ ದುಡಿಮೆ ಎಂದರೆ ಇದೇ. ನಾಳೆ ಈ ತಾಯಿ ಕೊಪ್ಪಳಕ್ಕೆ ಹೋಗಲಿ, ಕೌಲಾಲಂಪುರಕ್ಕೆ ಹೋಗಲಿ, ಆ ವಿದ್ಯೆ ಅವರೊಂದಿಗೆ ಸಾಗುತ್ತದೆ.

ಬೋಧನೆ ಒಂದು ಉದಾಹರಣೆ ಮಾತ್ರ. ಲೆಕ್ಕಪತ್ರ, ಸಾಫ್ಟ್‌ವೇರ್ ರಚನೆ ಮತ್ತು ಪರೀಕ್ಷೆ, ಆಸ್ಪತ್ರೆಗಳ ಮೆಡಿಕಲ್ ಕೋಡಿಂಗ್, ಅನುವಾದ, ಪುಸ್ತಕ ವಿನ್ಯಾಸ, ಕಟ್ಟಡಗಳ ನಕ್ಷೆ, ಖುರ್‌ಆನ್ ಮತ್ತು ಅರಬಿ ಭಾಷೆಯ ಪಾಠ ಇವೆಲ್ಲವೂ ಇಂದು ಒಂದು ಊರಿನಲ್ಲಿ ಕುಳಿತು ಇನ್ನೊಂದು ಊರಿಗಾಗಿ ನಡೆಯುತ್ತಿವೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಬಿಡಿಸಿ ಹದಗೊಳಿಸಿದ ಕೂದಲು ಹೊರದೇಶಗಳಿಗೆ ಹೋಗುತ್ತದೆ. ಕಿನ್ನಾಳದ ಗೊಂಬೆ ಊರಿನ ಹೆಸರನ್ನು ಹೊತ್ತು ದೂರದ ಮನೆಗಳನ್ನು ಸೇರಿದೆ. ನಮ್ಮ ಊರುಗಳ ಸರಕಿಗೆ ಗಡಿ ದಾಟಲು ಬರುತ್ತದೆಯಾದರೆ ನಮ್ಮ ವಿದ್ಯೆಗೆ ಏಕೆ ಬಾರದು?

ಹಾಗೆಂದು ಯುವಕರೆಲ್ಲರೂ ಲ್ಯಾಪ್‌ಟಾಪ್ ಹಿಡಿದು ಕುಟುಂಬದೊಂದಿಗೆ ವಿಮಾನ ಹತ್ತಲಿ ಎಂದು ನಾನು ಹೇಳುತ್ತಿಲ್ಲ. ಈ ದಾರಿಯಲ್ಲಿ ಹೋಗುವವರು ಮೂರು ವಿಷಯಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಮೊದಲನೆಯದು, ದುಡಿಮೆಗೆ ಸ್ಥಳದ ಹಂಗಿಲ್ಲದಿರಬಹುದು, ದುಡಿಯುವವನಿಗೆ ಇದೆ. ಆತ ಒಂದು ದೇಶದ ನೆಲದ ಮೇಲೆ ಕುಳಿತಿರುತ್ತಾನೆ, ಆ ನೆಲದ ಕಾನೂನು ಅವನಿಗೆ ಅನ್ವಯಿಸುತ್ತದೆ. ಯುಎಇ 2021ರಲ್ಲಿ ಹೊರದೇಶದ ಸಂಸ್ಥೆಗಳಿಗಾಗಿ ದೂರದಿಂದ ದುಡಿಯುವವರಿಗೆಂದೇ ಒಂದು ವರ್ಷದ ವೀಸಾವನ್ನು ಪ್ರಕಟಿಸಿತು. ಅದಕ್ಕೆ ತಿಂಗಳಿಗೆ 3,500 ಡಾಲರ್ ಆದಾಯದ ದಾಖಲೆ ಮತ್ತು ಆರೋಗ್ಯ ವಿಮೆ ಬೇಕು. ಅದು ಸುಮಾರು ಮೂರು ಲಕ್ಷ ರೂಪಾಯಿ. ಮಲೇಷ್ಯಾ 2022ರಲ್ಲಿ ಇಂಥದೇ ಪರವಾನಗಿಯನ್ನು ತಂದಿತು. ತಂತ್ರಜ್ಞಾನ ಕ್ಷೇತ್ರದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯವಿರಬೇಕೆಂಬುದು ಅದರ ನಿಯಮ. ಪತ್ನಿ, ಮಕ್ಕಳನ್ನು ಜೊತೆಗೆ ಕರೆದೊಯ್ಯಲು ಅದರಲ್ಲಿ ಅವಕಾಶವಿದೆ. ಈ ಮೊತ್ತಗಳು ಹೊಸದಾಗಿ ಪದವಿ ಪಡೆದ ಯುವಕನ ಕೈಗೆಟಕುವುದಿಲ್ಲ. ಆರೇಳು ವರ್ಷ ನಿಷ್ಠೆಯಿಂದ ವೃತ್ತಿಯನ್ನು ಕಟ್ಟಿದವನಿಗೆ ಎಟಕಬಹುದು. ನಿಯಮಗಳು ಬದಲಾಗುತ್ತಲೂ ಇರುತ್ತವೆ. ಆದ್ದರಿಂದ ಹೊರಡುವ ಮುನ್ನ ಆಯಾ ಸರಕಾರದ ಅಧಿಕೃತ ಮಾಹಿತಿಯನ್ನೇ ನೋಡಬೇಕು, ವಾಟ್ಸ್‌ಆ್ಯಪ್ ಸಂದೇಶವನ್ನಲ್ಲ.

ಪ್ರವಾಸಿ ವೀಸಾದಲ್ಲಿ ಹೋಗಿ ಗುಟ್ಟಾಗಿ ದುಡಿದರಾಯಿತು ಎನ್ನುವವರಿದ್ದಾರೆ. ನಮ್ಮವರಿಗೆ ಇದು ಹಳೆಯ ರೋಗ. 'ಆಜಾದ್ ವೀಸಾ' ಎಂಬ ಹೆಸರಿನಲ್ಲಿ ಎಷ್ಟು ಮಂದಿ ಮೋಸ ಹೋದರು! ಒಬ್ಬನ ಹೆಸರಿನಲ್ಲಿ ವೀಸಾ, ಇನ್ನೊಬ್ಬನ ಬಳಿ ಕೆಲಸ. ಅದರ ಹೆಸರು ಸ್ವಾತಂತ್ರ್ಯ, ಅದರ ಬಾಳು ಪೊಲೀಸರ ಭಯ. ವೀಸಾ ಎಂಬುದು ಒಂದು ದೇಶದೊಂದಿಗೆ ನಾವು ಮಾಡಿಕೊಂಡ ಕರಾರು. ಕರಾರುಗಳನ್ನು ಈಡೇರಿಸಬೇಕೆಂದು ಕುರ್‌ಆನ್ ವಿಶ್ವಾಸಿಗಳಿಗೆ ಆದೇಶಿಸುವಾಗ ಅದರಲ್ಲಿ ವೀಸಾದ ಅರ್ಜಿಗೆ ವಿನಾಯಿತಿ ಇಲ್ಲ. ಮಾಂಸ ಹಲಾಲ್ ಆಗಿದೆಯೇ ಎಂದು ಅಂಗಡಿಯಲ್ಲಿ ಎರಡು ಬಾರಿ ವಿಚಾರಿಸುವ ನಾವು, ಅದನ್ನು ಕೊಳ್ಳುವ ಸಂಬಳದ ಕರಾರಿನ ಬಗ್ಗೆಯೂ ಒಮ್ಮೆ ವಿಚಾರಿಸಬೇಡವೇ? ತೆರಿಗೆಯ ವಿಷಯವೂ ಹೀಗೆಯೇ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಕಾಲ ಭಾರತದಲ್ಲಿದ್ದವನು ತೆರಿಗೆ ಕಾನೂನಿನ ದೃಷ್ಟಿಯಲ್ಲಿ ಇಲ್ಲಿನ ನಿವಾಸಿ. ಅನಿವಾಸಿಯಾದವನು ತನ್ನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಇವನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿಯುವುದಕ್ಕೆ ನಾಚಿಕೆ ಬೇಕಿಲ್ಲ.

ಎರಡನೆಯದು, ವೃತ್ತಿಯನ್ನು ಊರಿನಲ್ಲಿಯೇ ಕಟ್ಟಿ, ಬಳಿಕ ಹೊರಡಬೇಕು. ಹೋದ ಮೇಲೆ ನೋಡೋಣ ಎಂಬ ಮಾತು ಒಂಟಿ ಯುವಕನಿಗೆ ಸಾಹಸವಾದೀತು, ಮಕ್ಕಳೊಂದಿಗನಿಗೆ ಬೇಜವಾಬ್ದಾರಿ. ಮಕ್ಕಾದಿಂದ ವಲಸೆ ಬಂದ ಅಬ್ದುರ್‍ರಹ್ಮಾನ್ ಬಿನ್ ಔಫ್‌(ರ)ರ ಘಟನೆ ನಮಗೆಲ್ಲರಿಗೂ ತಿಳಿದಿದೆ. ಮದೀನಾದ ಸಅದ್ ಬಿನ್ ರಬೀಅ್‌(ರ)ರವರು ತಮ್ಮ ಸಂಪತ್ತಿನ ಅರ್ಧವನ್ನು ನೀಡಲು ಮುಂದಾದಾಗ ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ತುಪ್ಪ ಮತ್ತು ಒಣಗಿಸಿದ ಗಿಣ್ಣದ ವ್ಯಾಪಾರದಿಂದ ತೊಡಗಿ ಬಹುಬೇಗ ತಮ್ಮ ಕಾಲ ಮೇಲೆ ನಿಂತರು. ಈ ಘಟನೆಯನ್ನು ನಾವು ಸ್ವಾಭಿಮಾನದ ಪಾಠವಾಗಿ ಹೇಳುತ್ತೇವೆ. ಅದು ನಿಜ. ಆದರೆ ಇನ್ನೊಂದು ಪಾಠವೂ ಅದರಲ್ಲಿದೆ. ಅವರು ಆಸ್ತಿಯನ್ನು ಮಕ್ಕಾದಲ್ಲಿ ಬಿಟ್ಟು ಬಂದಿದ್ದರು, ವ್ಯಾಪಾರದ ಅರಿವನ್ನು ಬಿಟ್ಟು ಬಂದಿರಲಿಲ್ಲ. ವಲಸೆಯ ದಿನ ಹೊಸದಾಗಿ ಕಲಿತ ವಿದ್ಯೆ ಅದಾಗಿರಲಿಲ್ಲ.

ಕುಷ್ಟಗಿಯ ಯುವಕನೊಬ್ಬನು ಈ ದಾರಿ ಹಿಡಿಯಬೇಕೆಂದರೆ ಕುಷ್ಟಗಿಯಲ್ಲಿದ್ದುಕೊಂಡೇ ಬೆಂಗಳೂರಿನ ಅಥವಾ ಹೊರದೇಶದ ಸಂಸ್ಥೆಗೆ ಕನಿಷ್ಠ ಎರಡು ವರ್ಷ ಕೆಲಸ ಮಾಡಿ ನೋಡಲಿ. ಹೇಳಿದ ದಿನ ಕೆಲಸವನ್ನು ಒಪ್ಪಿಸಬಲ್ಲನೇ? ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ತಪ್ಪಿಲ್ಲದೆ ಬರೆಯಬಲ್ಲನೇ? ಒಬ್ಬ ಗಿರಾಕಿ ಕೈಬಿಟ್ಟರೆ ಇನ್ನೊಬ್ಬನಿದ್ದಾನೆಯೇ? ಆರು ತಿಂಗಳ ಮನೆಖರ್ಚಿನ ಹಣ ಕೈಯಲ್ಲಿದೆಯೇ? ಊರಿನಲ್ಲಿ ನಿಲ್ಲದ ದುಡಿಮೆ ಹೊರದೇಶದಲ್ಲಿ ನಿಲ್ಲುವುದಿಲ್ಲ. ಅಲ್ಲಿ ಬಾಡಿಗೆ ಹೆಚ್ಚು, ಅಣ್ಣ ತಮ್ಮಂದಿರ ಆಸರೆ ಕಡಿಮೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕಂಪ್ಯೂಟರ್ ಮುಂದೆ ಕೆಲಸ, ಕೈತುಂಬ ಸಂಬಳ ಎಂಬ ಮಾತನ್ನು ನಂಬಿ ಥಾಯ್ಲೆಂಡಿಗೆಂದು ಹೊರಟ ಭಾರತೀಯ ಯುವಕರು ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಬಂಧಿಗಳಾದರು. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ಭಾರತ ಸರಕಾರವು ವಾಯುಪಡೆಯ ವಿಮಾನಗಳಲ್ಲಿ ಮರಳಿ ಕರೆತಂದಿತು. ಕಳುಹಿಸುವ ಏಜೆಂಟನು ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಕೆಲಸ ಕೊಡುವವನು ಮೊದಲು ನಿನ್ನಿಂದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಬೇಕು.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾದುದು: ಒಂದೇ ಮನೆಯಲ್ಲಿರುವುದು ಬೇರೆ, ಜೊತೆಗಿರುವುದು ಬೇರೆ. ದುಬೈಯಲ್ಲಿ ಕುಳಿತು ಬೆಂಗಳೂರಿನ ಕಚೇರಿಗೆ ದುಡಿಯುವವನ ಕೆಲಸ ಬೆಳಿಗ್ಗೆ 8ಕ್ಕೆ ತೊಡಗಿ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ. ಅಲ್ಲಿಯೇ ಕುಳಿತು ನ್ಯೂಯಾರ್ಕ್‌ಗೆ ದುಡಿಯುವವನ ಕೆಲಸ ಸಂಜೆ 5ಕ್ಕೆ ತೊಡಗಿ ನಡುರಾತ್ರಿ ದಾಟುತ್ತದೆ. ಮಕ್ಕಳು ಶಾಲೆಯಿಂದ ಬಂದು ಬ್ಯಾಗ್ ಇಳಿಸುವ ಹೊತ್ತಿಗೆ ತಂದೆ ಕೋಣೆಯ ಬಾಗಿಲು ಮುಚ್ಚುತ್ತಾನೆ. ಫಜ್ರ್‌ಗೆ ಏಳುವುದು ಕಷ್ಟವಾಗುತ್ತದೆ, ಹಗಲು ನಿದ್ದೆಯಲ್ಲಿ ಕಳೆಯುತ್ತದೆ. ಹೆಚ್ಚು ಡಾಲರ್ ಸಿಗುತ್ತದೆಂದು ಎರಡನೆಯದನ್ನು ಆರಿಸಿಕೊಂಡವನು ಗಲ್ಫ್‌ನ ಒಂಟಿ ದುಡಿಮೆಯನ್ನೇ ಮನೆಯೊಳಗೆ ತಂದಂತಾಯಿತು. ಮೊದಲು ಅಬ್ಬಾ ಫೋನಿನಲ್ಲಿದ್ದರು, ಈಗ ಬಾಗಿಲ ಹಿಂದಿದ್ದಾರೆ. ಮಗುವಿಗೆ ಇದರಲ್ಲಿ ವ್ಯತ್ಯಾಸವೇನು?

ಯೋಧರ ಪತ್ನಿಯರು ಎಷ್ಟು ಕಾಲ ಪತಿಯ ಅಗಲಿಕೆಯನ್ನು ಸಹಿಸಬಲ್ಲರೆಂದು ಖಲೀಫಾ ಉಮರ್‌(ರ)ರವರು ತಮ್ಮ ಪುತ್ರಿ ಹಫ್ಸಾ‌(ರ)ರಲ್ಲಿ ವಿಚಾರಿಸಿ, ಅದರಂತೆ ಯೋಧರು ದೂರವಿರುವ ಅವಧಿಗೆ ಕೆಲವೇ ತಿಂಗಳುಗಳ ಮಿತಿ ಹಾಕಿದರೆಂದು ವರದಿಯಾಗಿದೆ. ಗಡಿಯ ಸೈನಿಕನಿಗೂ ಮಿತಿಯಿತ್ತು. ಅಂಗಡಿಯ ಲೆಕ್ಕ ಬರೆಯುವವನಿಗೆ ಎರಡು ವರ್ಷ, ಮೂರು ವರ್ಷ ಎಂಬುದನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಸಹನೆಯ ಹೊರೆಯನ್ನೆಲ್ಲ ಹೆಣ್ಣಿನ ಮೇಲೆ ಹೊರಿಸಿ, ಆಕೆಯನ್ನು ಹೊಗಳಿ ಮುಗಿಸಿದ್ದೇವೆ.

ಹೆಣ್ಣಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳುತ್ತೇನೆ. ಹೀಗೆ ಕುಟುಂಬದೊಂದಿಗೆ ಹೊರದೇಶದಲ್ಲಿ ನೆಲೆಸುವಾಗ ಗಂಡನ ದುಡಿಮೆ ಮಾತ್ರ ಸ್ಥಳದ ಹಂಗಿನಿಂದ ಬಿಡುಗಡೆಯಾದರೆ ಸಾಲದು. ಖದೀಜಾ‌(ರ)ರವರು ಮಕ್ಕಾದಲ್ಲಿದ್ದರು, ಅವರ ಸರಕು ಸಿರಿಯಾದ ಮಾರುಕಟ್ಟೆಗಳಿಗೆ ಹೋಗುತ್ತಿತ್ತು. ಒಂಟೆಯ ಮೇಲೆ ಅವರು ಹೋಗಲಿಲ್ಲ, ಅವರ ಬಂಡವಾಳ ಮತ್ತು ನಿರ್ಧಾರ ಹೋದವು. ಪ್ರಾಮಾಣಿಕತೆಗೆ ಹೆಸರಾದ ಯುವಕ ಮುಹಮ್ಮದ್‌(ಸ)ರನ್ನು ಆ ವ್ಯಾಪಾರಕ್ಕೆ ನೇಮಿಸಿದ್ದು ಅವರೇ. ದೂರದ ದುಡಿಮೆ ವಿಶ್ವಾಸದ ಮೇಲೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ? ಇಂದು ಬಿ.ಕಾಂ., ಬಿಸಿಎ, ಬಿ.ಎಡ್. ಓದಿದ ನಮ್ಮ ಸಹೋದರಿಯರು ಗಂಡನೊಂದಿಗೆ ಹೊರದೇಶಕ್ಕೆ ಹೋಗಿ ಅವಲಂಬಿತರಾಗುತ್ತಾರೆ. ಆಯಾ ದೇಶದ ಕಾನೂನು ಅನುಮತಿಸಿದಷ್ಟು ಅವರೂ ದುಡಿಯಲು ಬಯಸಿದರೆ, ಅಡಿಗೆ, ಮಕ್ಕಳು, ಬಟ್ಟೆ ಎಲ್ಲವೂ ಮೊದಲಿನಂತೆ ಆಕೆಯ ಪಾಲಿಗೇ ಉಳಿಯಬಾರದು. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರು ಎಂಬುದನ್ನು ಭಾಷಣದಲ್ಲಿ ಕೇಳಿ ತಲೆದೂಗುವ ಗಂಡನು ಮನೆಗೆ ಬಂದು ತಟ್ಟೆ ತೊಳೆಯಲಿ. ಇಬ್ಬರಿಗೂ ದುಡಿಮೆಯಿದ್ದರೆ ಒಂದು ವೀಸಾ, ಒಂದು ಸಂಸ್ಥೆ, ಒಂದು ನಿಯಮ ಕುಟುಂಬವನ್ನು ಉರುಳಿಸಲಾರದು.

ಹಾಗಾದರೆ ಊರಿನಲ್ಲಿ ಉಳಿದ ತಂದೆತಾಯಿಗಳು? ಈ ಪ್ರಶ್ನೆಯನ್ನು ಹಿರಿಯರು ಕೇಳುವುದು ನ್ಯಾಯವೇ ಆಗಿದೆ. ಪತ್ನಿ, ಮಕ್ಕಳನ್ನು ಕರೆದುಕೊಂಡು ಹೋದ ಮಗ ಯಲಬುರ್ಗಾದ ಮನೆಯಲ್ಲಿ ಇಬ್ಬರು ಮುದುಕರನ್ನು ಒಂಟಿಯಾಗಿಸಿದರೆ ನಾವು ಒಂದು ಅಗಲಿಕೆಯನ್ನು ಅಳಿಸಿ ಇನ್ನೊಂದನ್ನು ಬರೆದಂತೆ. ಆದರೆ ಇಲ್ಲಿಯೇ ಈ ದುಡಿಮೆಗೂ ಹಳೆಯ ಗಲ್ಫ್ ದುಡಿಮೆಗೂ ಇರುವ ದೊಡ್ಡ ವ್ಯತ್ಯಾಸವಿದೆ. ಕಫೀಲನ ಒಪ್ಪಿಗೆಗೆ, ರಜೆಯ ಚೀಟಿಗೆ ಕಾಯಬೇಕಾದ ಪ್ರಮೇಯ ಇವನಿಗಿಲ್ಲ. ತಾಯಿಗೆ ಶಸ್ತ್ರಚಿಕಿತ್ಸೆಯೆಂದರೆ ಎರಡು ತಿಂಗಳು ಊರಿಗೆ ಬಂದು, ಆಸ್ಪತ್ರೆಯ ಕೆಲಸ ಮುಗಿಸಿ, ರಾತ್ರಿ ತನ್ನ ಕೆಲಸವನ್ನು ಮುಂದುವರಿಸಬಹುದು. ಬರಬಹುದು ಎಂಬುದು ಸಾಕಾಗದು, ಬರಬೇಕು. ಬರುವ ಶಕ್ತಿಯಿದ್ದೂ ಬಾರದವನಿಗೆ ದೂರದ ನೆಪ ಇನ್ನು ಇಲ್ಲ. ಮಕ್ಕಳಿಗೆ ಕನ್ನಡವನ್ನೂ ಮನೆಯ ಮಾತನ್ನೂ ಕಲಿಸುವ ಹೊಣೆಯೂ ಇದರಲ್ಲಿ ಸೇರಿದೆ. ದುಬೈಯಲ್ಲಿ ಕನ್ನಡಿಗರೇ ಸೇರಿ ಮಕ್ಕಳಿಗೆ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ಅಜ್ಜಿಯೊಂದಿಗೆ ಮಾತನಾಡಲು ಬಾರದ ಮೊಮ್ಮಗು ಎಷ್ಟು ಓದಿದರೂ ಆ ಮನೆಗೆ ಪರಕೀಯವೇ.

ಸಮುದಾಯಕ್ಕೂ ಇಲ್ಲಿ ಕೆಲಸವಿದೆ. ನಮ್ಮ ಜಮಾಅತ್‌ಗಳು, ಅಂಜುಮನ್‌ಗಳು ಮದುವೆಗೆ ನೆರವಾಗುತ್ತವೆ, ವೀಸಾದ ಸಾಲಕ್ಕೆ ಸಾಕ್ಷಿಯಾಗುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದೊಂದು ಕೋಣೆಯನ್ನು ಓದುವವರಿಗಾಗಿ ತೆರೆಯಲಿ. ಅಲ್ಲಿ ನಾಲ್ಕು ಕಂಪ್ಯೂಟರ್, ಒಳ್ಳೆಯ ಇಂಟರ್ನೆಟ್, ವಿದ್ಯುತ್ ಹೋದಾಗ ನಡೆಸುವ ಇನ್ವರ್ಟರ್, ವಾರಕ್ಕೆರಡು ದಿನ ಇಂಗ್ಲಿಷ್ ಹೇಳಿಕೊಡುವ ಒಬ್ಬರು ಶಿಕ್ಷಕರು ಇರಲಿ. ಹೆಣ್ಣುಮಕ್ಕಳಿಗೂ ಅಲ್ಲಿ ಸಮಯ ಮತ್ತು ಜಾಗವಿರಲಿ. ಎಲ್ಲ ಧರ್ಮದ ಮಕ್ಕಳಿಗೂ ಅದರ ಬಾಗಿಲು ತೆರೆದಿರಲಿ. ಏಕೆಂದರೆ ಗುಳೆ ಹೋಗುವ ಬಸ್ಸಿನಲ್ಲಿ ಎಲ್ಲ ಧರ್ಮದವರೂ ಕುಳಿತಿರುತ್ತಾರೆ. ಒಬ್ಬನ ವೀಸಾಕ್ಕೆ ನಾವು ಕೊಡಿಸುವ ಸಾಲದ ಮೊತ್ತದಲ್ಲಿ ಇಂಥ ಕೋಣೆ ಆರಂಭವಾಗಬಹುದು.

ನನ್ನ ಬಂಧು ಈಗಲೂ ರಿಯಾದ್‌ನಲ್ಲಿಯೇ ಇದ್ದಾರೆ. ಲೆಕ್ಕಪತ್ರದ ಹೊಸ ತಂತ್ರಾಂಶಗಳನ್ನು ರಾತ್ರಿ ಕಲಿಯುತ್ತಾರೆ. ಬೆಂಗಳೂರಿನ ಇಬ್ಬರು ಅವರಿಗೆ ಕೆಲಸ ಕೊಡಲು ಸಿದ್ಧರಿದ್ದಾರೆ. ಈಗಿನ ಸಂಸ್ಥೆಯ ಕರಾರು ಮುಗಿಯುವವರೆಗೆ ಬೇರೆ ಕೆಲಸ ಮಾಡುವಂತಿಲ್ಲವಾದುದರಿಂದ ಒಂದು ರೂಪಾಯಿಯ ಕೆಲಸವನ್ನೂ ಅವರು ಒಪ್ಪಿಕೊಂಡಿಲ್ಲ. ಕರಾರು ಮುಗಿದ ಬಳಿಕ ಮೊದಲ ವರ್ಷ ಗಂಗಾವತಿಯಲ್ಲಿಯೇ ಇದ್ದು ದುಡಿಯುವುದು, ಅದು ನಿಂತರೆ ಕುಟುಂಬ ಸಮೇತ ಹೊರದೇಶದ ಯೋಚನೆ ಎಂಬುದು ದಂಪತಿಗಳ ತೀರ್ಮಾನ. ಸಂಬಳ ಈಗಿನದಕ್ಕಿಂತ ಕಡಿಮೆಯಾಗಲಿದೆ ಎಂಬುದು ಇಬ್ಬರಿಗೂ ತಿಳಿದಿದೆ.

ಈ ನಿರ್ಧಾರವನ್ನು ಕೆಲವರು ಹುಚ್ಚುತನವೆನ್ನುತ್ತಾರೆ. ಕಡಿಮೆಯಾಗುವ ರಿಯಾಲ್‌ಗಳನ್ನು ಅವರು ಎಣಿಸುತ್ತಾರೆ. ಆ ರಿಯಾಲ್‌ಗಳೊಂದಿಗೆ ಆ ಮಗುವಿನ ಪ್ರಶ್ನೆಯನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬುದಷ್ಟೇ ನನ್ನ ವಿನಂತಿ. ರಿಝ್ಕ್ ಕೊಡುವವನು ಅಲ್ಲಾಹನು. ಆದರೆ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವ ಹೊಣೆಯನ್ನು ಅವನು ನಮಗೇ ವಹಿಸಿದ್ದಾನೆ.